ಸಹಿ ಹಾಕುವ ಮುಂಚೆ ಲೆಕ್ಕ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವನು. ಆದರೂ ಒಮ್ಮೆ ನಾನೇ ಲೆಕ್ಕ ತಪ್ಪಿದೆ. 12,000 ರೂಪಾಯಿಯ ಸಾಮಾನನ್ನು ಹನ್ನೆರಡು ಕಂತಿನ ಮೇಲೆ ತಂದೆ. ಬಡ್ಡಿ ನೂರಕ್ಕೆ ಹನ್ನೆರಡು, ಒಟ್ಟು 1,440. ಅಡ್ಡಿಯಿಲ್ಲ ಅಂತ ಸಹಿ ಹಾಕಿದೆ.

ಮರುದಿನ ಅದನ್ನೇ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟೆ. ಒಬ್ಬ ಹುಡುಗಿ ಎದ್ದು, "ಸರ್, ತಿಂಗಳಾ ಸಾವಿರ ಅಸಲು ತೀರಿಸ್ತೀರಿ. ಕಡೀ ತಿಂಗಳ ಉಳಿಯೋದು ಬರೇ ಸಾವಿರ. ಬಡ್ಡಿ ಮಾತ್ರ ಪೂರಾ ಹನ್ನೆರಡು ಸಾವಿರಕ್ಕ ಯಾಕ್ರಿ?" ಅಂದಳು.

ನೋಡಿರಿ, ವರ್ಷದ ಸರಾಸರಿ ಸಾಲ 6,500 ಮಾತ್ರ. ಉಳಿದ ಸಾಲಕ್ಕಷ್ಟೇ ಬಡ್ಡಿ ಹಿಡಿದಿದ್ದರೆ 780 ಆಗುತ್ತಿತ್ತು. ನಾನು ಕೊಟ್ಟದ್ದು ನೂರಕ್ಕೆ ಇಪ್ಪತ್ತೆರಡು!

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತರನ್ನು ಸಾಲದ ಬಾಧೆಯಿಂದ ಬಿಡಿಸಲಿಕ್ಕೆ. ಆದರೆ ಸಂಘ ಇದ್ದರಷ್ಟೇ ಸಾಲದು, ಸದಸ್ಯನಿಗೆ ಲೆಕ್ಕವೂ ಗೊತ್ತಿರಬೇಕು. ಪಾಸ್‌ಬುಕ್ಕು, ಹಾಲಿನ ಚೀಟಿ, ಗೊಬ್ಬರದ ಬಿಲ್ಲು ಮಕ್ಕಳ ಮುಂದೆ ಇಡಿರಿ. "ಬಡ್ಡಿ ಯಾವುದರ ಮ್ಯಾಲೆ? ಈ ಸಾಲ ಬೇಕೋ, ಬ್ಯಾಡೋ?" ಎಂದು ಕೇಳಲು ಕಲಿಸಿರಿ. ಗಣಿತವೂ ಬರುತ್ತದೆ, ವಿವೇಕವೂ ಬರುತ್ತದೆ.