ಮೊದಲು ಬಗೆಯನ್ನು ಕೇಳಿರಿ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಹೊಸೂರಿನ ಪೇಟೆಯಲ್ಲಿ ವ್ಯಾಪಾರ ಮಾಡುವವರು ಗಿರಾಕಿಯ ಮುಖವನ್ನು ನೋಡಿ ಅವರ ಭಾಷೆಯನ್ನು ನಿರ್ಧರಿಸುವುದಿಲ್ಲ. ಮೊದಲ ಮಾತು ಕಿವಿಗೆ ಬಿದ್ದೊಡನೆ ಅದು ಕನ್ನಡವೋ ತೆಲುಗೋ ತಮಿಳೋ ಎಂದು ತಿಳಿದು, ಅದೇ ನುಡಿಯಲ್ಲಿ ಬೆಲೆ ಹೇಳುತ್ತಾರೆ. ಗಣಕಯಂತ್ರವೂ ಹಾಗೆಯೇ, ಕೆಲಸ ನಡೆಯುತ್ತಿರುವಾಗಲೇ ತನ್ನ ಕೈಗೆ ಬಂದ ವಸ್ತು ಯಾವ ಬಗೆಯದೆಂದು ವಿಚಾರಿಸಬೇಕಾಗುತ್ತದೆ. ಆ ವಿಚಾರಣೆಯನ್ನು ಕುರಿತು ನಾವು ಇಂದು ಎರಡು ಮಾತುಗಳನ್ನಾಡಬಯಸುತ್ತೇವೆ.

ಕೆನಡಾ ದೇಶದ ಕೆನೆತ್ ಐವರ್ಸನ್ ಎಂಬ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಗ್ರಂಥದಿಂದ ಎಪಿಎಲ್ ಎಂಬ ಗಣಕಭಾಷೆ ಬೆಳೆದುಬಂದಿತು. 1990ರಲ್ಲಿ ಅವರೂ ರೋಜರ್ ಹುಯಿ ಅವರೂ ಕೂಡಿ ಜೆ ಎಂಬ ಭಾಷೆಯನ್ನು ರಚಿಸಿದರು. ಇವು ಸರಣಿಭಾಷೆಗಳು. ಇಡೀ ತರಗತಿಯ ಅಂಕಗಳ ಸಾಲನ್ನು ಒಂದೇ ವಸ್ತುವೆಂದು ಎತ್ತಿಕೊಂಡು ಲೆಕ್ಕ ಮಾಡುವುದು ಇವುಗಳ ರೀತಿ. ಜೆ ಭಾಷೆಯಲ್ಲಿ ಸಂಖ್ಯೆಗಳಿಗೂ ಅಕ್ಷರಗಳಿಗೂ ನಾಮಪದಗಳೆಂದು ಹೆಸರು. ಕೂಡುವ, ಕಳೆಯುವ ಚಿಹ್ನೆಗಳಿಗೆ ಕ್ರಿಯಾಪದಗಳೆಂದು ಹೆಸರು. ನಮ್ಮ ಮಕ್ಕಳಿಗೆ ಪರಿಚಿತವಾದ ವ್ಯಾಕರಣವೇ ಅಲ್ಲಿಯೂ ಇದೆ.

ಈ ಭಾಷೆಯಲ್ಲಿ ಒಂದು ಹೆಸರಿಗೆ ಸೇರುವ ವಸ್ತುವಿನ ಬಗೆಯನ್ನು ಮುಂಚಿತವಾಗಿ ಸಾರಬೇಕಾಗಿಲ್ಲ. ಈಗ ಸಂಖ್ಯೆಯನ್ನು ಹೊತ್ತ ಹೆಸರು ಮರುಕ್ಷಣದಲ್ಲಿ ಅಕ್ಷರವನ್ನು ಹೊರಬಹುದು. ಆದುದರಿಂದ 3!:0 ಎಂಬ ಕ್ರಿಯಾಪದದಿಂದ ಬಗೆಯನ್ನು ಕೇಳಬೇಕು. ಅಕ್ಷರಕ್ಕೆ 2, ಪೂರ್ಣಾಂಕಕ್ಕೆ 4, ದಶಮಾಂಶಕ್ಕೆ 8, ಪೆಟ್ಟಿಗೆಗೆ 32 ಎಂದು ಉತ್ತರ ಬರುತ್ತದೆ. 7 ಎಂದು ಬರೆದು ಕೇಳಿದರೆ 4. ಅದನ್ನೇ '7' ಎಂದು ಉದ್ಧರಣ ಚಿಹ್ನೆಗಳೊಳಗೆ ಬರೆದು ಕೇಳಿದರೆ 2. ಕಣ್ಣಿಗೆ ಎರಡೂ ಏಳೇ. ಆದರೆ ಎರಡನೆಯದಕ್ಕೆ 1ನ್ನು ಕೂಡಲು ಯಂತ್ರವು ಒಪ್ಪುವುದಿಲ್ಲ. ಹೊಸೂರಿನ ದೂರವಾಣಿ ಸಂಕೇತವಾದ 04344ನ್ನು ಸಂಖ್ಯೆಯೆಂದು ಬರೆದುಕೊಂಡರೆ, ಮೊದಲಿನ ಸೊನ್ನೆ ಅಳಿದು 4344 ಉಳಿಯುತ್ತದೆ. ಅದು ಅಕ್ಷರಗಳಾಗಿಯೇ ಇರಬೇಕಾದುದು.

ಇದರಿಂದ ಆಗುವ ಲಾಭನಷ್ಟವೇನು? ಐವರು ಮಕ್ಕಳಲ್ಲಿ ನಾಲ್ವರಿಗೆ 60, 70, 50, 80 ಅಂಕಗಳು ಬಂದಿವೆ. ಐದನೆಯ ಮಗು ಜ್ವರದಿಂದ ಮಲಗಿ ಪರೀಕ್ಷೆಗೆ ಬರಲಿಲ್ಲ. ಅದರ ಹೆಸರಿನ ಮುಂದೆ 'ಗೈರು' ಎಂದಿದೆ. ಜೆ ಭಾಷೆಯ ಸರಣಿಯಲ್ಲಿ ಸಂಖ್ಯೆಯೂ ಅಕ್ಷರವೂ ಹಾಗೆಯೇ ಬೆರೆಯಲಾರವು. ಒಂದೊಂದನ್ನೂ ಪೆಟ್ಟಿಗೆಯಲ್ಲಿಟ್ಟು ಜೋಡಿಸಬೇಕು. ಪೆಟ್ಟಿಗೆಯನ್ನು ತೆರೆದು, ಬಗೆಯನ್ನು ಕೇಳಿ, ಸಂಖ್ಯೆಗಳನ್ನು ಮಾತ್ರ ಕೂಡಿದರೆ ಸರಾಸರಿ 65. ಸುಲಭವೆಂದು 'ಗೈರು' ಇದ್ದಲ್ಲಿ 0 ಬರೆದರೆ ಸರಾಸರಿ 52. ತರಗತಿಯ ಸರಾಸರಿ ತಗ್ಗಿತೆಂಬುದು ಒಂದು ಕಡೆ. ಕಾಯಿಲೆಯ ಮಗುವು ಏನೂ ಅರಿಯದ ಮಗುವೆಂದು ದಾಖಲೆಗೆ ಸೇರಿತೆಂಬುದು ಇನ್ನೊಂದು ಕಡೆ.

ಕನ್ನಡಿಗರಿಗೆ ಈ ವಿಚಾರಣೆ ಮತ್ತಷ್ಟು ಅಗತ್ಯ. 'ಹೊಸೂರು' ನಮ್ಮ ಎಣಿಕೆಗೆ ಮೂರಕ್ಷರ. ಯೂನಿಕೋಡ್ ಪಟ್ಟಿಯಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ ಆರು. ಒಂದೊಂದಕ್ಕೆ ಮೂರು ಬೈಟುಗಳಂತೆ ಯಂತ್ರದಲ್ಲಿ ಹಿಡಿಯುವ ಸ್ಥಳ 18. ಜೆ ಭಾಷೆ ಬಗೆ 2ರ ಅಕ್ಷರಗಳಲ್ಲಿ 18 ಎಂದು ಎಣಿಸುತ್ತದೆ; 131072 ಎಂಬ ಬಗೆಗೆ ಮಾರ್ಪಡಿಸಿದರೆ 6 ಎಂದು ಎಣಿಸುತ್ತದೆ. ಬಗೆಯನ್ನು ಕೇಳದೆ ಹೆಸರಿಗೆ ಇಪ್ಪತ್ತೇ ಬೈಟುಗಳೆಂದು ನಿಯಮಿಸಿದರೆ, 27 ಬೈಟುಗಳ 'ಕೃಷ್ಣಗಿರಿ' ನಡುವೆಯೇ ತುಂಡಾಗುತ್ತದೆ. ಆ ದೋಷ ಕನ್ನಡ ಲಿಪಿಯದಲ್ಲ, ವಿಚಾರಿಸದ ಲೆಕ್ಕದ್ದು.

ತಾಯಿತಂದೆಗಳೇ, ಕನ್ನಡದಲ್ಲಿ ಓದಿದ ಮಗುವಿಗೆ ಗಣಕವಿದ್ಯೆ ದೂರವೆಂದು ಎದೆಗುಂದಬೇಡಿರಿ. ನಾಮಪದ ಕ್ರಿಯಾಪದಗಳನ್ನು ಬೇರ್ಪಡಿಸಬಲ್ಲ ಮಗುವಿಗೆ ಅದರ ಮೊದಲ ಮೆಟ್ಟಿಲು ಆಗಲೇ ಪರಿಚಿತ. ಮಕ್ಕಳೇ, ಲೆಕ್ಕಕ್ಕೆ ಕೈಹಾಕುವ ಮುನ್ನ ವಸ್ತು ಯಾವ ಬಗೆಯದೆಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಿರಿ.