ನೆಗೆಟಿವ್ ಇಲ್ಲದ ಚಿತ್ರಗಳು



ಮೊಬೈಲಿನಲ್ಲಿ ದಿನಕ್ಕೆ ನೂರು ಫೋಟೊ ತೆಗೆಯುವ ನಿಮಗೆ ಸ್ಲೈಡ್ ಫಿಲ್ಮ್ ಎಂದರೇನೆಂದು ತಿಳಿದಿರಲಿಕ್ಕಿಲ್ಲ. ಒಂದು ರೋಲಿನಲ್ಲಿ ಹೆಚ್ಚೆಂದರೆ 36 ಚಿತ್ರ. ಸಾಮಾನ್ಯ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಬರುತ್ತದೆ. ಅದರಿಂದ ಬೇಕಾದಷ್ಟು ಪ್ರತಿ ಮಾಡಿಸಬಹುದು. ಸ್ಲೈಡಿಗೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗಿದ್ದ ಫಿಲ್ಮೇ ತೊಳೆದ ಮೇಲೆ ಚಿತ್ರವಾಗುತ್ತದೆ.

ಪೂರ್ವ ಜರ್ಮನಿಯ ಓರ್ವೋ ಫಿಲ್ಮ್ ನಮ್ಮ ದೇಶದಲ್ಲಿ ಸಿಗುತ್ತಿದ್ದ ಕಾಲವದು. ನಮ್ಮ ಅಬ್ಬಾ ಚಿಂಚಲಿಯ ಮಾಯಕ್ಕನ ಜಾತ್ರೆಯನ್ನು ಸ್ಲೈಡಿನಲ್ಲಿ ಹಿಡಿದಿದ್ದರು: ಹಾರುವ ಭಂಡಾರ, ಎತ್ತಿನ ಬಂಡಿಗಳ ಸಾಲು. "ಬೆಳಕ ಹೆಚ್ಚಾದ್ರ ಭಂಡಾರ ಬೆಳ್ಳಗಾಗತೈತಿ, ಕಡಿಮಿ ಆದ್ರ ಮಾರಿ ಕರ್ರಗಾಗತೈತಿ" ಎನ್ನುತ್ತಿದ್ದರು. ತೊಳೆಸಲು ದೂರದ ಶಹರಕ್ಕೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಬಂದ ದಿನ ಗೋಡೆಗೆ ಬಿಳಿ ಚಾದರ ಕಟ್ಟಿ ತೋರಿಸಿದರೆ ಓಣಿಯವರೆಲ್ಲ ಸೇರುತ್ತಿದ್ದರು.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕನ್ನು ಹಿಡಿಯುವ ಮೂರು ಪದರಗಳಿವೆ. ಮೊದಲ ದ್ರಾವಣದಲ್ಲಿ ಬೆಳಕು ಬಿದ್ದ ಭಾಗ ಕಪ್ಪು ಬೆಳ್ಳಿಯಾಗುತ್ತದೆ. ಉಳಿದ ಭಾಗದಲ್ಲಿ ಎರಡನೆಯ ಸಲ ಬಣ್ಣ ಮೂಡುತ್ತದೆ. ಕೊನೆಗೆ ಬೆಳ್ಳಿಯನ್ನೆಲ್ಲ ತೆಗೆದರೆ ಬಣ್ಣ ಮಾತ್ರ ಉಳಿಯುತ್ತದೆ. 1970ರ ದಶಕದಲ್ಲಿ ಬಂದ ಇ-6 ವಿಧಾನದಲ್ಲಿ ಮೊದಲ ದ್ರಾವಣ 38 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ತುಸು ಏರುಪೇರಾದರೂ ಚಿತ್ರ ಕೆಡುತ್ತದೆ.

1935ರಲ್ಲಿ ಬಂದ ಕೊಡಾಕ್ರೋಮ್ ತಯಾರಿಕೆಯನ್ನು ಕೊಡಾಕ್ ಕಂಪನಿ 2009ರಲ್ಲಿ ನಿಲ್ಲಿಸಿತು. ಕಾರ್ಖಾನೆಯ ಕೊನೆಯ ರೋಲನ್ನು ಸ್ಟೀವ್ ಮೆಕರಿ ಅವರಿಗೆ ಕೊಟ್ಟರು. ಅದರ ಹಲವು ಚಿತ್ರಗಳನ್ನು ಅವರು ತೆಗೆದದ್ದು ನಮ್ಮ ಭಾರತದಲ್ಲಿ. ಅದನ್ನು ತೊಳೆಯುತ್ತಿದ್ದ ಅಮೆರಿಕದ ಕೊನೆಯ ಲ್ಯಾಬ್ 2010ರ ಅಂತ್ಯಕ್ಕೆ ರೋಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಬೇರೆ ಸ್ಲೈಡ್ ಫಿಲ್ಮ್ ಪೂರ್ತಿ ಅಳಿದಿಲ್ಲ. ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂತು.

ಹೊಸ ಫಿಲ್ಮ್ ಬರಬಹುದು, ಹಳೆಯ ಚಿತ್ರ ಬರುವುದಿಲ್ಲ. ತೇವ ತಗುಲಿದರೆ ಸ್ಲೈಡಿಗೆ ಬೂಷ್ಟು ಹಿಡಿಯುತ್ತದೆ. ಹೋದರೆ ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿಯೂ ಅಂಥ ಡಬ್ಬಿ ಇರಬಹುದು. ಅದರಲ್ಲಿ ನಮ್ಮ ಶಾಲೆಯ ಮೊದಲ ಮಕ್ಕಳು, ಹಳೆಯ ಪೇಟೆ, ಈಗಿಲ್ಲದ ಹಿರಿಯರು ಇರಬಹುದು. ಡಬ್ಬಿಯನ್ನು ಒಣ ಜಾಗದಲ್ಲಿಡಿ, ಸ್ಕ್ಯಾನ್ ಮಾಡಿಸಿ. ಅದಕ್ಕೂ ಮೊದಲು ಅಜ್ಜ ಅಜ್ಜಿಯರ ಪಕ್ಕ ಕುಳಿತು, ಚಿತ್ರದಲ್ಲಿರುವವರು ಯಾರೆಂದು ಕೇಳಿ ಬರೆದಿಡಿ. ಚಿತ್ರ ಉಳಿದು ಹೆಸರು ಮರೆತರೆ ಅದು ಅರ್ಧ ಉಳಿದಂತೆ.