ಎಲ್ಲರ ಬಾಯಿಗೆ ಹಾಡನ್ನಿತ್ತವರು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಜಾನಪದ ಗಾಯಕರೊಬ್ಬರ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಆರಿಸಿಕೊಂಡವರು ನಮ್ಮ ನಾಡಿನವರಲ್ಲ, ನಮ್ಮ ನುಡಿಯವರೂ ಅಲ್ಲ. ಆದರೂ ಅವರು ಲೋಕದಲ್ಲೆಲ್ಲ ಹರಡಿದ ಒಂದು ಹಾಡು ನಮ್ಮ ಮನೆಯ ಮಕ್ಕಳ ಬಾಯಲ್ಲಿರುವುದು. ಕೊನೆಗೆ ಜಯವು ನಮ್ಮದೇ ಎಂಬ ಭರವಸೆಯ ಆ ಹಾಡನ್ನು ಗಿರಿಜಾಕುಮಾರ ಮಾಥುರರು ಹಿಂದಿಗೆ ತಂದರು. ಕನ್ನಡದ ರೂಪವನ್ನು ನಮ್ಮ ಶಾಲೆಗಳಲ್ಲಿ ಮಕ್ಕಳು ಕೈಕೈ ಹಿಡಿದು ಹಾಡುವರು. ಅದನ್ನು ಊರೂರಿಗೆ ಹೊತ್ತು ತಿರುಗಿದವರಲ್ಲಿ ಮುಖ್ಯರಾದವರೇ ಅಮೆರಿಕದ ಪೀಟ್ ಸೀಗರರು.

ಸೀಗರರು 1919ನೆಯ ಇಸವಿ ಮೇ ತಿಂಗಳ 3ನೆಯ ದಿನ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಸೀಗರರು ಸಂಗೀತಶಾಸ್ತ್ರಜ್ಞರು, ತಾಯಿ ಪಿಟೀಲುವಾದಕಿ. ವಿದ್ವತ್ತಿನ ಮನೆಯಲ್ಲಿ ಬೆಳೆದ ಹುಡುಗನಾದರೂ ಅವರ ಮನಸ್ಸು ಒಲಿದುದು ಹಳ್ಳಿಗರ ವಾದ್ಯಕ್ಕೆ. 1936ರಲ್ಲಿ ತಂದೆಯೊಡನೆ ಉತ್ತರ ಕೆರೊಲೈನದ ಆಶ್‌ವಿಲ್‌ನಲ್ಲಿ ನಡೆದ ಜಾನಪದ ಉತ್ಸವಕ್ಕೆ ಹೋದಾಗ ಐದು ತಂತಿಯ ಬ್ಯಾಂಜೋವಿನ ನಾದಕ್ಕೆ ಮನಸೋತರು. ಚರ್ಮ ಬಿಗಿದ ಬಳೆ, ಉದ್ದವಾದ ಕೊರಳು, ಇಷ್ಟೇ ಆ ವಾದ್ಯ. ಗುಲಾಮರನ್ನಾಗಿ ಮಾಡಿ ಆಫ್ರಿಕದಿಂದ ಸಾಗಿಸಿದ ಜನರು ತಮ್ಮ ನೆನಪಿನಲ್ಲಿ ಕೊಂಡೊಯ್ದ ವಾದ್ಯಗಳಿಂದ ಅದು ಬೆಳೆದುಬಂದಿತು. ಹಾರ್ವರ್ಡ್ ವಿದ್ಯಾಪೀಠವನ್ನು 1938ರಲ್ಲಿ ನಡುವೆಯೇ ಬಿಟ್ಟು ಸೀಗರರು ಈ ವಾದ್ಯದ ಬೆನ್ನುಹತ್ತಿದರು. ಅಲನ್ ಲೋಮ್ಯಾಕ್ಸರ ಕೈಕೆಳಗೆ ಸರಕಾರದ ದೊಡ್ಡ ಗ್ರಂಥಾಲಯದಲ್ಲಿದ್ದ ಜನಪದ ಹಾಡುಗಳ ಸಂಗ್ರಹದಲ್ಲಿ ಕೆಲಸಮಾಡಿ, ನೂರಾರು ಹಳ್ಳಿಗರ ಕಂಠಗಳನ್ನು ಕೇಳಿ ಕಲಿತರು. 1940ರಲ್ಲಿ ಅಲೆಮಾರಿ ಕವಿ ವುಡಿ ಗಥ್ರಿಯವರ ಸ್ನೇಹವಾಯಿತು. ಅವರೊಡನೆ ದೇಶ ಸುತ್ತಿ ಕೂಲಿಕಾರರ ಸಭೆಗಳಲ್ಲಿ ಹಾಡಿದರು.

ಮಹನೀಯರೆ, ಕೀರ್ತಿಯೂ ಬಂದಿತು. ಸೀಗರರೂ ಮೂವರು ಸಂಗಡಿಗರೂ ಕೂಡಿದ ‘ವೀವರ್ಸ್’, ಎಂದರೆ ‘ನೇಕಾರರು’, ಎಂಬ ಮೇಳವು 1950ರಲ್ಲಿ ಹಾಡಿದ ಒಂದು ಜನಪದ ಗೀತದ ಧ್ವನಿಮುದ್ರಿಕೆಯು 13 ವಾರಗಳ ಕಾಲ ಆ ದೇಶದಲ್ಲಿ ಮೊದಲನೆಯ ಸ್ಥಾನದಲ್ಲಿತ್ತು. ಆದರೆ ಅದು ಭೀತಿಯ ಕಾಲ. ಕಮ್ಯೂನಿಸ್ಟರೆಂಬ ಸಂಶಯ ಬಿದ್ದವರಿಗೆ ಕೆಲಸವಿಲ್ಲ, ವೇದಿಕೆಯಿಲ್ಲ. 1949ರ ಸೆಪ್ಟೆಂಬರಿನಲ್ಲಿ ಪೀಕ್ಸ್‌ಕಿಲ್ ಎಂಬಲ್ಲಿ ನೀಗ್ರೋ ಗಾಯಕ ಪಾಲ್ ರೋಬ್ಸನರ ಕಛೇರಿ ಮುಗಿಸಿ ಮರಳುತ್ತಿದ್ದವರ ಮೇಲೆ ಕಲ್ಲಿನ ಮಳೆ ಬಿದ್ದಿತು. ಹೆಂಡತಿ ಮಕ್ಕಳೊಡನೆ ವಾಹನದಲ್ಲಿದ್ದ ಸೀಗರರ ಮೇಲೂ ಕಲ್ಲುಗಳು ಬಂದು ಬಿದ್ದವು. ಅವರು ಅವುಗಳಲ್ಲಿ ಕೆಲವನ್ನು ತಂದು, ಹಡ್ಸನ್ ನದಿಯ ದಂಡೆಯಲ್ಲಿ ತಾವೇ ಮರದ ದಿಮ್ಮಿಗಳಿಂದ ಕಟ್ಟುತ್ತಿದ್ದ ಮನೆಯ ಒಲೆಗೂಡಿನಲ್ಲಿ ಸೇರಿಸಿದರು. ವೈರದ ಕಲ್ಲು ಮನೆಯನ್ನು ಬೆಚ್ಚಗಿಡುವ ಕಲ್ಲಾಯಿತು.

ಒಂದು ಮಾತನ್ನು ಮುಚ್ಚಿಡಬಾರದು. ಯೌವನದಲ್ಲಿ ಅವರು ಕಮ್ಯೂನಿಸ್ಟ್ ಪಕ್ಷದಲ್ಲಿದ್ದುದು ನಿಜ. ಮುಂದೆ ಅದನ್ನು ಬಿಟ್ಟರು. ಸ್ಟಾಲಿನನ ಕ್ರೌರ್ಯವು ತಮ್ಮ ಕಣ್ಣಿಗೆ ಬಹುಕಾಲ ಬೀಳಲಿಲ್ಲವೆಂದು ಮುಪ್ಪಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪನ್ನು ಒಪ್ಪುವುದೂ ದೊಡ್ಡವರ ಲಕ್ಷಣವಷ್ಟೆ.

1955ರ ಆಗಸ್ಟ್ 18ರಂದು ಶಾಸನಸಭೆಯ ವಿಚಾರಣಾ ಸಮಿತಿಯು ಅವರನ್ನು ಕರೆಯಿಸಿತು. ಯಾರ ಸಭೆಯಲ್ಲಿ ಹಾಡಿದಿರಿ, ನಿಮ್ಮ ಸಂಗಡಿಗರು ಯಾರೆಂದು ಕೇಳಿತು. ತಮ್ಮ ಮೇಲೆ ತಾವೇ ಸಾಕ್ಷ್ಯ ಹೇಳಲಾರೆವೆಂಬ ಕಾನೂನಿನ ಆಶ್ರಯ ಪಡೆದು ಮೌನವಾಗಿರಲು ಅವರಿಗೆ ಅವಕಾಶವಿತ್ತು. ಎಷ್ಟೋ ಜನರು ಹಾಗೆ ಪಾರಾಗಿದ್ದರು. ಸೀಗರರು ಆ ದಾರಿ ಹಿಡಿಯಲಿಲ್ಲ. ನನ್ನ ನಂಬಿಕೆ, ನನ್ನ ಸ್ನೇಹ ಇವುಗಳನ್ನು ಕೇಳುವ ಅಧಿಕಾರವೇ ನಿಮಗಿಲ್ಲ, ನನ್ನ ಹಾಡುಗಳ ವಿಷಯವನ್ನು ಬೇಕಾದರೆ ಹೇಳುವೆನೆಂಬುದು ಅವರ ಉತ್ತರದ ತಾತ್ಪರ್ಯ. 1957ರಲ್ಲಿ ಮೊಕದ್ದಮೆ ಹೂಡಲ್ಪಟ್ಟಿತು. 1961ರಲ್ಲಿ ಒಂದು ವರ್ಷದ ಸೆರೆಯ ಶಿಕ್ಷೆ ವಿಧಿಸಲ್ಪಟ್ಟಿತು. 1962ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಏಳು ವರ್ಷಗಳ ಕಾಲ ಕತ್ತಿ ತಲೆಯ ಮೇಲೆ ತೂಗಿತು. ಒಬ್ಬ ಸ್ನೇಹಿತನ ಹೆಸರೂ ಅವರ ಬಾಯಿಂದ ಹೊರಡಲಿಲ್ಲ.

ಭಯಕ್ಕೆ ಬಾಗದ ಕಂಠವು ಹಣಕ್ಕೂ ಬಾಗಲಿಲ್ಲ. 1958ರ ಸುಮಾರಿಗೆ ಮೇಳದ ಉಳಿದ ಮೂವರೂ ಸಿಗರೇಟಿನ ಜಾಹೀರಾತಿಗೆ ಹಾಡಲು ಒಪ್ಪಿದರು. ಬಹುಮತಕ್ಕೆ ತಲೆಬಾಗಿ ಸೀಗರರು ಆ ಒಂದು ಕೆಲಸವನ್ನು ಮುಗಿಸಿಕೊಟ್ಟು ಮೇಳದಿಂದ ಹೊರಬಂದರು. ದೊಡ್ಡ ವೇದಿಕೆಗಳು ಮುಚ್ಚಿದ್ದರೇನು? ಶಾಲೆ, ವಿದ್ಯಾಪೀಠ, ಮಕ್ಕಳ ಬೇಸಗೆಯ ಶಿಬಿರ, ಪ್ರಾರ್ಥನಾಮಂದಿರ ಇವೇ ಅವರ ರಂಗಸ್ಥಳಗಳಾದವು. ಪತ್ನಿ ತೋಶಿಯವರು ಮನೆಯನ್ನೂ ಪತ್ರವ್ಯವಹಾರವನ್ನೂ ಪ್ರಯಾಣದ ಏರ್ಪಾಡನ್ನೂ ಹೊತ್ತು ನಡೆಸಿದರು. ಆ ಸಾಧ್ವಿಯ ದುಡಿಮೆಯಿಲ್ಲದೆ ಈ ಚರಿತ್ರೆಯೇ ಇಲ್ಲ.

ಇನ್ನು ಮೊದಲು ಹೇಳಿದ ಹಾಡಿನ ವಿಷಯ. ಅದು ಸೀಗರರ ಸ್ವಂತ ರಚನೆಯಲ್ಲ. ನೀಗ್ರೋ ಜನರ ದೇವಾಲಯಗಳಲ್ಲಿ ಅದರ ಬೇರು. 1945-46ರಲ್ಲಿ ಚಾರ್ಲ್ಸ್‌ಟನ್ ಎಂಬ ಊರಿನ ಹೊಗೆಸೊಪ್ಪಿನ ಕಾರ್ಖಾನೆಯ ಹೆಂಗಸರು ಮುಷ್ಕರ ಹೂಡಿದಾಗ ಅದನ್ನು ಹಾಡಿದರು. ಅಲ್ಲಿಂದ ಟೆನೆಸಿಯ ಹೈಲ್ಯಾಂಡರ್ ಶಾಲೆಗೆ ಬಂದಿತು. ಅಲ್ಲಿನ ಜಿಲ್ಫಿಯ ಹಾರ್ಟನರಿಂದ ಸೀಗರರು ಕಲಿತು, ಕೆಲವು ನುಡಿಗಳನ್ನು ಸೇರಿಸಿ ಎಲ್ಲೆಡೆ ಹಾಡಿದರು. 1957ರಲ್ಲಿ ಆ ಶಾಲೆಯಲ್ಲಿ ಹಾಡಿದಾಗ ಮಾರ್ಟಿನ್ ಲೂಥರ್ ಕಿಂಗರು ಕೇಳಿದರು. ಮುಂದೆ ವರ್ಣಭೇದದ ವಿರುದ್ಧ ಎದ್ದ ಜನರು ಲಾಠಿಯೇಟನ್ನೂ ನಾಯಿಗಳ ಕಡಿತವನ್ನೂ ಎದುರಿಸುವಾಗ ಅದೇ ಅವರ ಮಂತ್ರವಾಯಿತು. ಆ ಹಾಡಿನ ಹಕ್ಕಿನಿಂದ ಬಂದ ಹಣವನ್ನು ಸೀಗರರೂ ಸಂಗಡಿಗರೂ ತಮಗಾಗಿ ಇಟ್ಟುಕೊಳ್ಳದೆ ಆ ಜನರ ಏಳಿಗೆಯ ನಿಧಿಗೆ ಬಿಟ್ಟುಕೊಟ್ಟರು.

ಮನೆಯ ಮುಂದಿನ ಹಡ್ಸನ್ ನದಿಯು ಕಾರ್ಖಾನೆಗಳ ವಿಷದಿಂದಲೂ ಊರುಗಳ ಕೊಳಚೆಯಿಂದಲೂ ಕೆಟ್ಟುಹೋಗಿತ್ತು. ದೂಷಿಸುತ್ತ ಕುಳಿತುಕೊಳ್ಳದೆ ಅವರು ಜನರಿಂದ ಹಣ ಕೂಡಿಸಿ 106 ಅಡಿ ಉದ್ದದ ಹಾಯಿಹಡಗನ್ನು ಕಟ್ಟಿಸಿದರು. ‘ಕ್ಲಿಯರ್‌ವಾಟರ್’, ಎಂದರೆ ‘ತಿಳಿನೀರು’, ಎಂಬ ಆ ಹಡಗು 1969ರಲ್ಲಿ ನೀರಿಗಿಳಿಯಿತು. ದಂಡೆಯ ಊರುಗಳಲ್ಲಿ ನಿಂತು, ಹಾಡು ಕೇಳಿಸಿ, ಮಕ್ಕಳಿಗೆ ನದಿಯನ್ನು ತೋರಿಸುತ್ತ ಸಾಗಿತು. 1972ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಜಲಶುದ್ಧಿಯ ಕಾನೂನು ಬಂದಿತು. ನದಿಯು ಮೆಲ್ಲಮೆಲ್ಲನೆ ತಿಳಿಯಾಯಿತು.

ಯಾವ ಸರಕಾರವು ಸೆರೆಗೆ ನೂಕಲು ಹವಣಿಸಿತ್ತೋ ಅದೇ ಸರಕಾರವು 1994ರಲ್ಲಿ ಅವರಿಗೆ ಕಲೆಯ ರಾಷ್ಟ್ರೀಯ ಪದಕವನ್ನಿತ್ತಿತು. 2009ರಲ್ಲಿ ಒಬಾಮರ ಪದಗ್ರಹಣದ ಉತ್ಸವದಲ್ಲಿ, ಲಿಂಕನ್ ಸ್ಮಾರಕದ ಮುಂದೆ, 89 ವರ್ಷದ ಮುದುಕರು ಹಳೆಯ ಗೆಳೆಯ ಗಥ್ರಿಯ ಹಾಡನ್ನು ಲಕ್ಷಾಂತರ ಜನರಿಂದ ಹಾಡಿಸಿದರು. 2013ರಲ್ಲಿ ತೋಶಿಯವರು ತೀರಿಕೊಂಡರು. 2014ರ ಜನವರಿ 27ರಂದು, 94ನೆಯ ವಯಸ್ಸಿನಲ್ಲಿ, ಸೀಗರರೂ ದೇಹವನ್ನು ಬಿಟ್ಟರು.

ಶರಣಬಂಧುಗಳೆ, ಅವರನ್ನು ಕೇಳಿದವರೆಲ್ಲರೂ ಹೇಳುವ ಮಾತು ಒಂದೇ. ಅವರು ಜನರಿಗಾಗಿ ಹಾಡಿದುದಕ್ಕಿಂತ ಜನರಿಂದ ಹಾಡಿಸಿದುದೇ ಹೆಚ್ಚು. ಒಂದು ಸಾಲನ್ನು ಮುಂದಾಗಿ ಹೇಳಿಕೊಟ್ಟು, ಕೈಯೆತ್ತಿ, ಸಭೆಯನ್ನೇ ಮೇಳವನ್ನಾಗಿ ಮಾಡುತ್ತಿದ್ದರು. ಕಂಠ ಚೆನ್ನಾಗಿಲ್ಲವೆಂದು ನಾಚಿ ಕುಳಿತವನೂ ಬಾಯಿ ತೆರೆಯುತ್ತಿದ್ದನು. ಒಬ್ಬನ ಬಾಯನ್ನು ಮುಚ್ಚಿಸಬಹುದು. ಸಾವಿರ ಜನರ ಬಾಯಿಗೆ ಬಿದ್ದ ಹಾಡನ್ನು ಯಾವ ಸಮಿತಿಯೂ ಮುಚ್ಚಿಸಲಾರದು. ಅವರ ಬಾಳಿನ ಗುಟ್ಟು ಇಷ್ಟೇ ಎಂದು ನಾನು ತಿಳಿದಿರುವೆನು.

ನಮ್ಮ ಹಳ್ಳಿಗಳಲ್ಲಿಯೂ ಮೊದಲು ಭಜನೆಯೆಂದರೆ ಹೀಗೆಯೇ ಇದ್ದಿತು. ಒಬ್ಬರು ಎತ್ತಿಕೊಟ್ಟರೆ ಊರೇ ಹಿಂದೆ ಹಾಡುತ್ತಿತ್ತು. ಈಗ ಧ್ವನಿವರ್ಧಕವು ಹಾಡುತ್ತದೆ, ನಾವು ಸುಮ್ಮನೆ ಕೇಳುತ್ತೇವೆ. ಈ ಸಂಜೆ ಮಠದ ಅಂಗಳದಲ್ಲಿ ತಾಳ ಕಟ್ಟುವಾಗ ಯಾರೂ ಕೇಳುಗರಾಗಿ ಮಾತ್ರ ಕುಳಿತಿರಬಾರದೆಂಬುದೇ ನನ್ನ ಬಿನ್ನಹ. ರಾಗ ತಪ್ಪಿದರೂ ಚಿಂತೆಯಿಲ್ಲ, ಬಾಯಿ ತೆರೆಯಿರಿ. ಪಕ್ಕದಲ್ಲಿರುವ ಮಗುವಿಗೆ ಒಂದು ಪದವನ್ನು ಕಲಿಸಿರಿ. ದೂರದೇಶದ ಆ ಹಿರಿಯ ಗಾಯಕರಿಗೆ ನಾವು ಸಲ್ಲಿಸಬಹುದಾದ ಗೌರವವು ಇದಕ್ಕಿಂತ ಬೇರೆಯಿಲ್ಲ.